ಜಿಪಾರಳ ವಯಸ್ಸು

ಜನವರಿಯ ಕೊನೆಯ ವಾರ, ಒಲೆಗೆ ಎರಡು ಬಕೆಟ್ ಕಲ್ಲಿದ್ದಲು ಸುರಿದರೂ ತರಗತಿ ಬೆಚ್ಚಗಾಗದ ಒಂದು ಬೆಳಿಗ್ಗೆ, ನಾನು ಒಂದು ಮಗುವಿನ ಮೇಲೆ ಎರಡು ಪುಟಗಳ ದೂರು ಬರೆದೆ. ದೂರು ಎಂದು ಅದರ ಮೇಲೆ ಅಚ್ಚಾಗಿರಲಿಲ್ಲ. ‘ಬೆಳವಣಿಗೆಯ ವರದಿ’ ಎಂದಿತ್ತು. ಮಗುವಿನ ಹೆಸರು, ಜಿಪಾರ್. ತರಗತಿ, ಒಂದು. ಹುಟ್ಟಿದ ದಿನವನ್ನು ಜನನಪತ್ರ ನೋಡಿಕೊಂಡು ನಕಲು ಮಾಡಿದೆ. ಅಲ್ಲಿಂದ ಮುಂದಿನದೆಲ್ಲ ನನ್ನ ಸ್ವಂತ ರಚನೆ.

ಟೆರೆಕ್-ಸೂ ಎಂಬ ಬೆಟ್ಟದೂರಿನ ಶಾಲೆಯಲ್ಲಿ ಇಪ್ಪತ್ತಾರು ವರ್ಷದಿಂದ ನಾನು ಒಂದನೇ ತರಗತಿಯನ್ನೇ ನೋಡಿಕೊಳ್ಳುತ್ತಿದ್ದೇನೆ. ಊರಿನಲ್ಲಿ ಪೆನ್ಸಿಲನ್ನು ಸರಿಯಾಗಿ ಹಿಡಿಯುವವರೆಲ್ಲ ನನ್ನಿಂದ ಕಲಿತವರು. ತಪ್ಪಾಗಿ ಹಿಡಿಯುವವರೂ ನನ್ನಿಂದಲೇ ಕಲಿತವರು, ಆದರೆ ಆ ಮಾತನ್ನು ಯಾರೂ ಎತ್ತುವುದಿಲ್ಲ. ಒಂದು ಹತ್ತು ವರ್ಷ ಪಾಠ ಹೇಳಿದ ಮೇಲೆ ಯಾವ ಮೇಷ್ಟ್ರಿಗಾದರೂ ಒಂದು ನಂಬಿಕೆ ಅಂಟಿಕೊಳ್ಳುತ್ತದೆ: ಮಗು ಬಾಗಿಲು ದಾಟಿ ಬೆಂಚಿಗೆ ಬರುವಷ್ಟರಲ್ಲಿ ಅದು ಎಂಥ ಮಗು ಎಂದು ತನಗೆ ತಿಳಿದುಬಿಡುತ್ತದೆ ಎಂದು. ನನಗೆ ಈ ನಂಬಿಕೆ ಆರನೇ ವರ್ಷಕ್ಕೇ ಬಂದಿತ್ತು.

ಜಿಪಾರ್ ಒಂದಕ್ಷರ ಬರೆಯಲು ಅರ್ಧ ಪುಟ ತೆಗೆದುಕೊಳ್ಳುತ್ತಿದ್ದಳು. ಸೀಮೆಸುಣ್ಣ ಮುರಿದರೆ ಅಳುತ್ತಿದ್ದಳು, ಅದೂ ಮುರಿದದ್ದು ಬೇರೆಯವರ ಕೈಯಲ್ಲಾದರೂ. ಮೂರನೇ ಪಿರಿಯಡ್ಡಿಗೆ ಸರಿಯಾಗಿ ತಲೆಯನ್ನು ಬೆಂಚಿನ ಮೇಲಿಟ್ಟು ನಿದ್ದೆ ಹೋಗುತ್ತಿದ್ದಳು. ಎಚ್ಚರವಿದ್ದಾಗ ಪಾಠದ ಮಧ್ಯೆ ಎದ್ದು ಕಿಟಕಿಗೆ ಹೋಗಿ, “ಅಜ್ಜನ ಕುದುರೆ ನಗ್ತಾ ಇದೆ” ಎಂದು ಇಡೀ ತರಗತಿಗೆ ವರದಿ ಒಪ್ಪಿಸುತ್ತಿದ್ದಳು. ಐದಕ್ಕೆ ಮೂರು ಸೇರಿಸು ಎಂದರೆ ಐದು ಏನು ಎಂದು ಕೇಳುವಳು. ಐದು ಕುರಿ ಎಂದು ನಾನು ಇಳಿದು ಬಂದರೆ, “ಯಾವ ಕುರಿ ಎಜೆ? ನಮ್ಮದಾ?” ಎನ್ನುವಳು; ಎಜೆ ಎಂದರೆ ಅಕ್ಕ, ನಮ್ಮಲ್ಲಿ ಟೀಚರಿಗೂ ಅದೇ ಮಾತು. ಉಳಿದ ಹದಿನೆಂಟು ಮಕ್ಕಳು ಆ ಹೊತ್ತಿಗೆ ಎಂಟು ಎಂದು ಬರೆದು, ಗೀಟು ಎಳೆದು, ಕೈಕಟ್ಟಿ ಕೂತಿರುತ್ತಿದ್ದರು.

‘ಗಮನ ನಿಲ್ಲುವುದಿಲ್ಲ. ಬೇಗ ದಣಿಯುತ್ತಾಳೆ. ವಯಸ್ಸಿಗೆ ತಕ್ಕ ಬೆಳವಣಿಗೆ ಇಲ್ಲ.’ ಹೀಗೆ ಬರೆದೆ. ಮೂರನೇ ವಾಕ್ಯ ಬರೆದಾಗ ನನಗೆ ಒಂದು ಬಗೆಯ ತೃಪ್ತಿಯೂ ಆಯಿತು. ಸಿಬ್ಬಂದಿ ಕೋಣೆಯಲ್ಲಿ ಯಾರೂ ಆಶ್ಚರ್ಯಪಡಲಿಲ್ಲ. ಅಜ್ಜ ಅಜ್ಜಿಯ ಮಗು ಅಲ್ಲವೇ, ಮತ್ತೇನಾಗುತ್ತದೆ ಎಂದರು. ಚೊಚ್ಚಲ ಮಗುವನ್ನು ಅಜ್ಜ ಅಜ್ಜಿ ತಮ್ಮದೆಂದೇ ಇಟ್ಟುಕೊಳ್ಳುವುದು ನಮ್ಮಲ್ಲಿ ಇದ್ದದ್ದೇ. ಹಾಗೆ ಬೆಳೆದವರೇ ಆ ಕೋಣೆಯಲ್ಲಿ ನಾಲ್ಕು ಜನರಿದ್ದರು. ಜಿಪಾರಳ ತಾಯಿ ರಾಜಧಾನಿ ಬಿಶ್ಕೆಕ್‌ನಲ್ಲಿ ಹೊಲಿಗೆ ಕಾರ್ಖಾನೆಯಲ್ಲಿದ್ದಳು. ಮಗುವಿಗೆ ವರ್ಷ ತುಂಬುವ ಮೊದಲೇ ಹೋದವಳು, ಮಾರ್ಚ್ ಕೊನೆಗೆ ಬರುವ ನೌರುಜ್ ಹಬ್ಬಕ್ಕೂ ಬೇಸಿಗೆಯಲ್ಲಿ ಎರಡು ವಾರಕ್ಕೂ ಬರುತ್ತಿದ್ದಳು.

ಅಜ್ಜ ಜುಮಾಕದಿರ್ ನಲವತ್ತು ವರ್ಷ ಕುರಿ ಕಾದವರು. ದಿನಾ ಮಧ್ಯಾಹ್ನ ಹನ್ನೆರಡಕ್ಕೆ ಬೂದುಬಣ್ಣದ ಕುದುರೆ ಹತ್ತಿಕೊಂಡು ಬಂದು, ಕಿಟಕಿಯ ಹೊರಗೆ ನಿಂತು, ಮೊಮ್ಮಗಳನ್ನು ತಡಿಯ ಮುಂದೆ ಕೂರಿಸಿಕೊಂಡು ಹೋಗುತ್ತಿದ್ದರು. ವರದಿ ಬರೆದ ದಿನ ನಾನು ಬಾಗಿಲಿಗೆ ಹೋದೆ.

“ಅಜ್ಜ, ಒಂದ್ನಿಮಿಷ ಒಳಗೆ ಬನ್ನಿ.”

“ಏನ್ಮಾಡಿದ್ಲು? ಯಾರನ್ನಾದ್ರೂ ಕಚ್ಚಿದ್ಲಾ?”

“ಇಲ್ಲ.”

“ಹಾಗಾದ್ರೆ ಕಚ್ಚಿಸ್ಕೊಂಡ್ಲಾ?”

“ಯಾರೂ ಯಾರನ್ನೂ ಕಚ್ಚಿಲ್ಲ ಅಜ್ಜ. ಕೂತ್ಕೊಳ್ಳಿ.”

“ಕೂತು ಕೇಳೋ ಅಂಥ ವಿಷಯ ಅಂದ್ರೆ ನಿಂತೇ ಕೇಳ್ತೀನಿ.”

ಹೇಳಿದೆ. ಆದಷ್ಟು ಮೆತ್ತಗೆ ಹೇಳಿದೆ. ಇಂಥ ಮಾತನ್ನು ಮೆತ್ತಗೆ ಹೇಳುವವರಿಗೆ ತಾವು ಒಳ್ಳೆಯವರೆಂಬ ಸಮಾಧಾನವಾದರೂ ಸಿಗುತ್ತದೆ. ಕೇಳುವವರಿಗೆ ಏನೂ ಸಿಗುವುದಿಲ್ಲ.

“ಉಳಿದ ಮಕ್ಕಳಿಗಿಂತ ಹಿಂದೆ ಇದ್ದಾಳೆ ಅಜ್ಜ.”

“ಎಷ್ಟು ಹಿಂದೆ?”

ಇಳಿಜಾರಿನಲ್ಲಿ ಹಿಂದುಳಿದ ಕುರಿಯೊಂದು ಎಷ್ಟು ಮಾರು ದೂರದಲ್ಲಿದೆ ಎಂದು ಕೇಳುವ ದನಿ. ನಾನು ಯೋಚಿಸಿ ಹೇಳಿದೆ. “ಒಂದು ವರ್ಷದಷ್ಟು ಅಂತಿಟ್ಕೊಳ್ಳಿ.”

“ಹಿಂದೆ ಬಿದ್ರೆ ನಾವು ನಿಲ್ತೀವಿ ಕಣಮ್ಮ. ಮುಂದಿನವು ಮೇಯ್ತಾ ಇರ್ತವೆ, ಅಷ್ಟ್ರಲ್ಲಿ ಬಂದು ಸೇರ್ಕೊಳುತ್ತೆ.”

“ಶಾಲೆ ಹುಲ್ಲುಗಾವಲಲ್ಲ ಅಜ್ಜ.”

“ಅದು ಕಾಣ್ತಾ ಇದೆ. ಹುಲ್ಲೇ ಇಲ್ಲ.”

ಮಾರ್ಚ್ ತಿಂಗಳಲ್ಲಿ ಜಿಲ್ಲೆಯಿಂದ ಡಾಕ್ಟರ್ ಬಂದು ನೋಡುತ್ತಾರೆ, ಅವರೂ ಹಾಗೆಯೇ ಹೇಳಿದರೆ ಜಿಪಾರಳನ್ನು ಕಣಿವೆಯಾಚೆ ನಗರದಲ್ಲಿರುವ ವಿಶೇಷ ಶಾಲೆಗೆ ಕಳಿಸಬೇಕಾಗುತ್ತದೆ ಎಂದು ವಿವರಿಸಿದೆ. ಅಲ್ಲೇ ಊಟ, ಅಲ್ಲೇ ಹಾಸಿಗೆ, ನಿಧಾನದ ಮಕ್ಕಳಿಗೆಂದೇ ಕಲಿತ ಮೇಷ್ಟ್ರುಗಳಿದ್ದಾರೆ, ರಜೆಗೆ ಮನೆಗೆ ಬರಬಹುದು.

“ರಜೆಗೆ,” ಎಂದರು ಅಜ್ಜ. ಕೈಗವಸು ಬಿಚ್ಚಿದರು, ಮತ್ತೆ ಹಾಕಿಕೊಂಡರು. “ಇವಳಮ್ಮನೂ ರಜೆಗೇ ಬರೋದು. ರಜೆಗೆ ಬರೋರು ಮನೆಗೆ ಒಬ್ರು ಸಾಕು ಕಲಿಪಾ.”

ನನ್ನನ್ನು ಹೆಸರು ಹಿಡಿದು ಅವರು ಕರೆದದ್ದು ಅದೇ ಮೊದಲು. ಹೊರಗೆ ಹೋಗಿ, ಆಗಲೇ ಬಿಗಿಯಾಗಿದ್ದ ತಡಿಯ ಪಟ್ಟಿಯನ್ನು ಇನ್ನೊಮ್ಮೆ ಬಿಗಿದರು. ಕುದುರೆ ಅವರ ಕಡೆ ತಿರುಗಿ ನೋಡಿತು.

ಮರುದಿನ ಅಜ್ಜಿ ಬುರುಲ್ಚಾ ಬಂದರು. ಬಟ್ಟೆಯಲ್ಲಿ ಕಟ್ಟಿದ, ಹಿಟ್ಟಿನ ತುಂಡು ಕರಿದು ಮಾಡಿದ ಬಿಸಿ ಬೋರ್ಸೊಕ್, ಜಾಡಿಯಲ್ಲಿ ಕೆನೆ. ನನ್ನ ಮೇಜಿನ ಮೇಲಿನ ಪುಸ್ತಕಗಳನ್ನು ಪಕ್ಕಕ್ಕೆ ತಳ್ಳಿ ಗಂಟು ಬಿಚ್ಚಿದರು.

“ಮೊದಲು ತಿನ್ನು. ಆಮೇಲೆ ನನ್ನ ಮಗೂನ ಬೈಯುವಿಯಂತೆ.”

“ಬೈತಾ ಇಲ್ಲ ಅಮ್ಮ.”

“ಹಾಗಾದ್ರೆ ಇನ್ನೊಂದು ತಿನ್ನು. ಕೇಳು, ಇದು ಮಗೂ ತಪ್ಪಲ್ಲ. ನಡೆಯೋಕೆ ಶುರು ಮಾಡ್ದಾಗ ಕಾಲಿಗೆ ದಾರ ಕಟ್ಟಿದ್ವಲ್ಲ, ಮಕ್ಕಳ ಓಟ ಇಟ್ವಲ್ಲ, ಅದ್ರಲ್ಲಿ ಗೆದ್ದು ಬಂದು ದಾರ ಕತ್ತರಿಸಿದ್ದು ಯಾರು ಗೊತ್ತಾ? ಪೋಸ್ಟಿನ ಇಸಾಕನ ಮಗ. ದಾರ ಕತ್ತರಿಸ್ದೋರ ಗುಣ ಮಗೂಗೆ ಬರುತ್ತೆ. ನಾನು ಆಗ್ಲೇ ಬೇಡ ಅಂತ ಬಡ್ಕೊಂಡೆ. ಆ ವಂಶದೋರ ಕೈಲಿ ಪಕ್ಕದೂರಿನ ಕಾಗದ ಬರೋಕೆ ಮೂರು ವಾರ ಬೇಕು!”

“ಎಷ್ಟು ತಿಂಗಳಿಗೆ ನಡೆದ್ಲು ಅಮ್ಮ?”

“ಹನ್ನೊಂದಕ್ಕೆ. ಮನೆ ತುಂಬಾ ಓಡಾಡಿದ್ಲು.”

ವರದಿಯ ಅಂಚಿನಲ್ಲಿ ನಾನು ಬರೆದುಕೊಂಡೆ: ‘ಹನ್ನೊಂದು ತಿಂಗಳಿಗೆ ನಡೆದಳೆಂದು ಅಜ್ಜಿಯ ಹೇಳಿಕೆ.’ ಹೇಳಿಕೆ ಎಂಬ ಶಬ್ದ ನಂಬದಿರುವುದಕ್ಕೆ ಬಹಳ ಅನುಕೂಲ. ನನ್ನ ಇಪ್ಪತ್ತಾರು ವರ್ಷದಲ್ಲಿ ಹನ್ನೊಂದು ತಿಂಗಳಿಗಿಂತ ತಡವಾಗಿ ಮೊಮ್ಮಗು ನಡೆದದ್ದನ್ನು ಒಪ್ಪಿಕೊಂಡ ಅಜ್ಜಿಯನ್ನು ನಾನು ಕಂಡಿಲ್ಲ. ಬೋರ್ಸೊಕ್ ಮಾತ್ರ ಎಂಟು ತಿಂದೆ.

ಫೆಬ್ರವರಿ ತುಂಬ ಮನೆಯಲ್ಲಿ ಪಾಠ ನಡೆಯಿತೆಂದು ಕಾಣುತ್ತದೆ. ಜಿಪಾರ್ ಬೆಳಿಗ್ಗೆ ಬಂದವಳೇ ನನ್ನ ಮುಂದೆ ನಿಂತು, “ಐದಕ್ಕೆ ಮೂರು ಸೇರಿದ್ರೆ ಎಂಟು, ಯಾವ ಕುರಿ ಅಂತ ಕೇಳ್ಬಾರ್ದು” ಎಂದು ಒಂದೇ ಉಸಿರಿಗೆ ಒಪ್ಪಿಸಿ ಬೆಂಚಿಗೆ ಹೋಗುತ್ತಿದ್ದಳು. ನಾಲ್ಕಕ್ಕೆ ಎರಡು ಎಂದರೆ ಮುಖ ಕಂದುತ್ತಿತ್ತು. ಆ ಲೆಕ್ಕವನ್ನು ಮನೆಯಲ್ಲಿ ಹೇಳಿಕೊಟ್ಟಿರಲಿಲ್ಲ.

ಮಾರ್ಚ್ ಎರಡನೇ ವಾರ ಡಾಕ್ಟರ್ ರಾಖಾತ್ ಬಂದರು. ಮೂವತ್ತರ ಆಸುಪಾಸಿನ ಹೆಂಗಸು, ಕಾಲಿಗೆ ಉಣ್ಣೆಯ ಬೂಟು, ಕೈಯಲ್ಲಿ ದಪ್ಪ ಫೈಲು. ಬೆಚ್ಚಗಿದ್ದದ್ದು ನನ್ನ ತರಗತಿ ಒಂದೇ ಆದ್ದರಿಂದ ತಪಾಸಣೆ ಅಲ್ಲೇ ನಡೆಯಬೇಕಾಯಿತು. ಉಳಿದ ಮಕ್ಕಳಿಗೆ ನೌರುಜ್ ಹಬ್ಬದ ಚಿತ್ರ ಬರೆಯಲು ಹೇಳಿ, ಜಿಪಾರಳನ್ನು ನನ್ನ ಮೇಜಿನ ಹತ್ತಿರ ಕೂರಿಸಿದೆ. ಮನೆಯ ಹಿರಿಯರೊಬ್ಬರು ಜೊತೆಗಿರಬೇಕೆಂಬ ನಿಯಮವಿತ್ತು. ಜುಮಾಕದಿರ್ ಅಜ್ಜ ಹಬ್ಬಕ್ಕೆ ಹಾಕುವ ಬಿಳಿ ಕಲ್ಪಾಕ್ ಟೋಪಿ ಇಟ್ಟುಕೊಂಡು, ಒಂದನೇ ತರಗತಿಯ ಬೆಂಚಿನಲ್ಲಿ ಮೊಣಕಾಲನ್ನು ಗದ್ದಕ್ಕೆ ತಾಗಿಸಿಕೊಂಡು ಹಿಂದೆ ಕೂತರು.

“ನಿನ್ನ ಹೆಸರೇನು ಪುಟ್ಟಿ?”

“ಜಿಪಾರ್.”

“ವಯಸ್ಸು?”

“ಏಳು!” ಎಂದಳು, ಗೋಡೆಗೆ ಕೇಳುವ ಹಾಗೆ. ಅವಳಿಗೆ ಖಚಿತವಾಗಿ ಗೊತ್ತಿದ್ದ ಸಂಖ್ಯೆ ಅದೊಂದೇ.

ಡಾಕ್ಟರ್ ಮೊದಲು ಒಂದು ತ್ರಿಕೋನ ಬರೆಸಿದರು, ಅದು ಹೇಗೋ ಬಂತು. ಆಮೇಲೆ ಒಂದು ಓರೆ ಚೌಕ ಬರೆದು, ಹಾಗೇ ಬರಿ ಎಂದರು. ಜಿಪಾರ್ ನಾಲಿಗೆ ಕಚ್ಚಿಕೊಂಡು ಬಹಳ ಹೊತ್ತು ಬರೆದಳು. ಯಾರೋ ಮೇಲೆ ಕೂತುಬಿಟ್ಟ ಟೋಪಿಯ ಹಾಗೆ ಬಂತು. ನಾಲ್ಕು ಚಿತ್ರ ಕೊಟ್ಟು ಕತೆ ಬರುವಂತೆ ಜೋಡಿಸು ಎಂದರು. ಹುಡುಗ ಹಿಮದ ಗೊಂಬೆ ಮಾಡುತ್ತಾನೆ, ಬಿಸಿಲು ಬರುತ್ತದೆ, ಗೊಂಬೆ ಕರಗುತ್ತದೆ. ಅವಳು ನಾಲ್ಕನ್ನೂ ಮನಬಂದಂತೆ ಹರಡಿ, ಮೂರನೇ ಚಿತ್ರದ ಮೂಲೆಯಲ್ಲಿ ನಿಂತಿದ್ದ ನಾಯಿ ಯಾರ ಮನೆಯದು, ರಾತ್ರಿ ಎಲ್ಲಿ ಮಲಗುತ್ತದೆ, ಕುರಿ ಕಾಯುವ ನಾಯಿಗಳಿಗೆ ಮಾಡುವ ಹಾಗೆ ಅದಕ್ಕೆ ಏಕೆ ಕಿವಿ ಕತ್ತರಿಸಿಲ್ಲ ಎಂದು ವಿಚಾರಣೆ ಶುರುಮಾಡಿದಳು.

“ಸರಿ. ಚಳಿಗಾಲ ಮುಗಿದ್ಮೇಲೆ ಏನು ಬರುತ್ತೆ?”

“ಮರಿಗಳು.”

ಹಿಂದಿನ ಬೆಂಚಿನಿಂದ “ಹೌದು ಮತ್ತೆ” ಎಂಬ ದನಿ ಬಂತು. ಡಾಕ್ಟರ್ ನಕ್ಕರು, ಆದರೆ ಅವರ ಕೋಷ್ಟಕಕ್ಕೆ ವಸಂತಕಾಲ ಬೇಕಿತ್ತು. ಗೀಟು ಎಳೆದರು.

ಅರ್ಧ ಗಂಟೆಯಾದ ಮೇಲೆ ನನ್ನ ಕಡೆ ಬಾಗಿ ಮೆಲ್ಲಗೆ ಹೇಳಿದರು. “ಏಳು ವರ್ಷ ಮೂರು ತಿಂಗಳಿಗೆ ಓರೆ ಚೌಕ ಬರ್ಬೇಕು, ಕತೆ ಜೋಡಿಸ್ಬೇಕು, ಇಷ್ಟು ಹೊತ್ತು ಕೂರ್ಬೇಕು. ನಿಮ್ಮ ವರದಿ ಸರಿಯಾಗಿದೆ ಎಜೆ.”

ಜೀವನದಲ್ಲಿ ನನ್ನ ಮಾತು ಸರಿ ಎಂದು ಅನೇಕರು ಒಪ್ಪಿದ್ದಾರೆ. ಅಷ್ಟು ಕೆಟ್ಟದೆನಿಸಿದ್ದು ಅದೊಂದು ಸಲ. ಜಿಪಾರ್ ತನ್ನ ಟೋಪಿಯಂಥ ಚೌಕಕ್ಕೆ ಕಣ್ಣು, ಮೂಗು ಬರೆಯುತ್ತಿದ್ದಳು. ಡಾಕ್ಟರ್ ಪೆನ್ನಿನ ಮುಚ್ಚಳ ತೆಗೆದು ಫೈಲಿನ ಕೊನೆಯ ಹಾಳೆಗೆ ಹೋದರು. ಹಿಂದಿನ ಬೆಂಚಿನಲ್ಲಿ ಅಜ್ಜ ಕಲ್ಪಾಕ್ ತೆಗೆದು ಮೊಣಕಾಲ ಮೇಲಿಟ್ಟುಕೊಂಡಿದ್ದರು. ಮೆಲ್ಲಗೆ ಹೇಳಿದ್ದೆಲ್ಲ ಅವರಿಗೆ ಕೇಳಿಸಿತ್ತು; ಗುಡ್ಡದಾಚೆಯ ಕೆಮ್ಮು ಯಾವ ಕುರಿಯದೆಂದು ಗುರುತಿಸುವ ಕಿವಿ ಅದು.

ಆ ಹೊತ್ತಿಗೆ ಮುಂದಿನ ಸಾಲಿನ ತಿಲೆಕ್ ಪಕ್ಕದವಳ ಚಿತ್ರವನ್ನು ಹೀಯಾಳಿಸಲು ಬಾಯಿ ತೆರೆದ. ಮಾತಿನ ಬದಲು ಸೀಟಿಯ ಸದ್ದು ಬಂತು. ಅವನ ಮುಂದಿನ ಎರಡು ಹಲ್ಲು ಹಿಂದಿನ ವಾರವೇ ಬಿದ್ದಿದ್ದವು. ಎಲ್ಲರೂ ನಕ್ಕರು. ಹದಿನೆಂಟು ಬಾಯಿಗಳು ಒಟ್ಟಿಗೆ ತೆರೆದುಕೊಂಡವು.

ಅಜ್ಜ ಅವರನ್ನೇ ನೋಡುತ್ತ ಇದ್ದವರು ಬೆಂಚಿನಿಂದ ಕಾಲು ಬಿಡಿಸಿಕೊಂಡು ಎದ್ದು ನಿಂತರು.

“ಏಯ್ ಹುಡ್ಗಾ, ಇನ್ನೊಂದ್ಸಲ ತೆರಿ.”

“ಏನನ್ನ?” ಎಂದ ತಿಲೆಕ್.

“ಬಾಯಿ ಕಣೋ.”

ಹೆಬ್ಬೆರಳಿನಿಂದ ಅವನ ಕೆಳತುಟಿಯನ್ನು ಒತ್ತಿ ನೋಡಿದರು. ಮುಂದಿನವನ ಹತ್ತಿರ ಹೋದರು. ಅಲ್ಲಿಂದ ಅವನ ಪಕ್ಕದವಳು. ಶರತ್ಕಾಲದಲ್ಲಿ ಹಿಂಡನ್ನು ವಿಂಗಡಿಸುವಾಗ ಮಾಡುವ ಹಾಗೆ, ಗದ್ದ ಹಿಡಿದು, ಬೆಳಕಿನ ಕಡೆ ತಿರುಗಿಸಿ, ಒಂದೇ ನೋಟ ನೋಡಿ ಬಿಡುತ್ತಿದ್ದರು. ಮಕ್ಕಳಿಗೆ ಇಷ್ಟು ಮಜವಾದ ತಪಾಸಣೆ ಹಿಂದೆಂದೂ ಆಗಿರಲಿಲ್ಲ. “ನಂದು ನೋಡಿ ಅಜ್ಜ, ನಂದು ನೋಡಿ” ಎಂದು ಸಾಲಾಗಿ ಬಾಯಿ ತೆರೆದು ನಿಂತವು. ಒಬ್ಬನಿಗೆ ಖಾಲಿ, ಒಬ್ಬಳಿಗೆ ಅಲುಗಾಡುತ್ತಿದ್ದದ್ದು, ಇನ್ನೊಬ್ಬನಿಗೆ ಸಲಿಕೆಯಂಥ ಎರಡು ಹೊಸ ಹಲ್ಲು.

“ಅಜ್ಜ, ಏನಿದು?” ಎಂದರು ಡಾಕ್ಟರ್.

ಅಜ್ಜ ಕೊನೆಗೆ ಜಿಪಾರಳ ಮುಂದೆ ಮಂಡಿಯೂರಿ ಅವಳ ಬಾಯಿ ನೋಡಿದರು. ಅಕ್ಕಿ ಕಾಳಿನಂಥ ಹಾಲುಹಲ್ಲು, ಒಂದೂ ಬಿದ್ದಿಲ್ಲ. ಒಂದೊಂದನ್ನೇ ಬೆರಳಿನಿಂದ ಅಲುಗಿಸಿ ನೋಡಿದರು. ಒಂದೂ ಅಲುಗಲಿಲ್ಲ.

“ಡಾಕ್ಟ್ರೇ, ಇವಳು ಈ ಹಿಂಡಿನವಳಲ್ಲ,” ಎಂದರು. “ಇವರೆಲ್ಲ ಇವಳಿಗಿಂತ ಒಂದು ವರ್ಷದ ಮೇವಿನಷ್ಟು ದೊಡ್ಡವರು.”

“ಮನುಷ್ಯರ ಹಲ್ಲಿನ ಮೇಲೆ ವಯಸ್ಸು ಹೇಳೋಕಾಗಲ್ಲ ಅಜ್ಜ. ಕೆಲವರಿಗೆ ಐದಕ್ಕೇ ಬೀಳುತ್ತೆ, ಕೆಲವರಿಗೆ ಎಂಟಾದ್ರೂ ಬೀಳಲ್ಲ. ನಾವು ಕುರಿಗಳಷ್ಟು ಶಿಸ್ತಿನವರಲ್ಲ.”

“ಒಂದು ಬಾಯಿ ಸುಳ್ಳು ಹೇಳ್ಬಹುದು. ಹದಿನೆಂಟು ಬಾಯಿ ಸೇರ್ಕೊಂಡು ನನಗೆ ಸುಳ್ಳು ಹೇಳ್ತವಾ?”

ಡಾಕ್ಟರ್ ಪೆನ್ನಿನ ಮುಚ್ಚಳ ಹಾಕಿದರು. ಆ ಹೆಂಗಸಿನ ಮೇಲೆ ನನಗೆ ಗೌರವ ಹುಟ್ಟಿದ್ದು ಆ ಗಳಿಗೆಯಲ್ಲಿ. ಬರೆಯಲು ಹೊರಟವರು ನಿಲ್ಲಿಸುವುದು ಅಷ್ಟು ಸುಲಭವಲ್ಲ, ನನಗೆ ಗೊತ್ತು.

“ಇವಳು ಯಾವಾಗ ಹುಟ್ಟಿದ್ದು ಅಜ್ಜ? ಕಾಗದ ಬಿಡಿ. ನೀವು ಹೇಳಿ.”

“ಡಿಸೆಂಬರ್‌ನಲ್ಲಿ. ನಾವು ಮೇಲೆ ಚಳಿಗಾಲದ ಹಟ್ಟೀಲಿದ್ವಿ. ಹಿಮ ಬಿದ್ದು ದಾರಿ ಮುಚ್ಚಿತ್ತು. ನನ್ನ ಹೆಂಡ್ತೀನೇ ಹೆರಿಗೆ ಮಾಡಿಸಿದ್ಲು. ಕುರಿ ವರ್ಷ ಅದು. ಕುರಿ ವರ್ಷದಲ್ಲಿ ಹುಟ್ಟಿದ್ಲು ಅಂತ ನಾನೊಂದು ಕುರೀನೂ ಕಡಿದೆ.”

“ಕುರಿ ವರ್ಷಾನಾ?” ಡಾಕ್ಟರ್ ಬೆರಳು ಮಡಚಿದರು. ವರ್ಷಗಳಿಗೆ ಹನ್ನೆರಡು ಪ್ರಾಣಿಗಳ ಹೆಸರು ಸರದಿಯಂತೆ ಬರುವುದು, ಕುದುರೆಯ ಬೆನ್ನಿಗೆ ಕುರಿ ಬರುವುದು ನಮ್ಮಲ್ಲಿ ಎಲ್ಲರಿಗೂ ಬಾಯಿಪಾಠ. “ಈ ಜನನಪತ್ರದ ಪ್ರಕಾರ ಇವಳು ಕುದುರೆ ವರ್ಷದವಳಾಗ್ತಾಳಲ್ಲ.”

“ಕುದುರೇನಾ? ಯಾರು ಹೇಳಿದ್ದು?”

“ನೀವೇ ಬರೆಸಿದ್ದು ಅಜ್ಜ. ನಿಮ್ಮ ಸಹಿ ಇದೆ.”

ಅಜ್ಜ ಕಾಗದವನ್ನು ತೋಳಿನಷ್ಟು ದೂರ ಹಿಡಿದು ನೋಡಿದರು. ಸಹಿ ಅವರದೇ.

“ನೋಡಮ್ಮ, ಅವಳು ಹುಟ್ಟಿದ ವರ್ಷ ನಾನು ಕೆಳಗೆ ಇಳೀಲೇ ಇಲ್ಲ. ಮುಂದಿನ ಅಕ್ಟೋಬರ್‌ನಲ್ಲಿ ಇಳ್ದು, ಕಚೇರಿಗೆ ಹೋಗಿ ಮಗು ಹೆಸರು ಬರ್ಕೊಳ್ಳಿ ಅಂದೆ. ಗುಮಾಸ್ತ ಕೇಳ್ದ, ಯಾವ ತಿಂಗಳು ಅಂತ. ಡಿಸೆಂಬರ್ ಅಂದೆ. ಎಷ್ಟು ವರ್ಷ ಅಂದ. ಎರಡು ಅಂದೆ.”

“ಆಗ ಮಗುವಿಗೆ ಎಷ್ಟು ತಿಂಗಳು?”

“ಹತ್ತು.”

ಡಾಕ್ಟರ್ ಜನನಪತ್ರವನ್ನು ಅಜ್ಜನ ಕೈಯಿಂದ ಮತ್ತೆ ತೆಗೆದುಕೊಂಡರು.

“ಹತ್ತು ತಿಂಗಳ ಮಗೂಗೆ ಎರಡು ವರ್ಷ ಅಂದ್ರಾ?”

“ಮತ್ತೆಷ್ಟು ಅನ್ಲಿ? ಹೊಟ್ಟೇಲಿದ್ದಿದ್ದು ಒಂದು. ಹೊರಗೆ ಬಂದ್ಮೇಲೆ ನಡೀತಾ ಇದ್ದ ವರ್ಷ ಇನ್ನೊಂದು. ಎರಡಾಗಲಿಲ್ವಾ? ನನ್ನ ಅಪ್ಪ ಹಾಗೇ ಎಣಿಸಿದ್ದು, ಅವನಪ್ಪ ಹಾಗೇ ಎಣಿಸಿದ್ದು. ಆ ಗುಮಾಸ್ತ ಎಲ್ಲಿ ಹುಟ್ಟಿದ್ನೋ, ಅವನು ಹೇಗೆ ಎಣಿಸ್ತಾನೋ ನನಗೇನು ಗೊತ್ತು?”

ಗುಮಾಸ್ತ ಆ ವರ್ಷದಿಂದ ಎರಡನ್ನು ಕಳೆದಿದ್ದ. ಕಳೆಯುವುದು ಅವನಿಗೆ ಚೆನ್ನಾಗಿಯೇ ಬರುತ್ತಿತ್ತು. ಬಹುಶಃ ನಾನೇ ಕಲಿಸಿದ್ದು. ಆಮೇಲೆ ಈ ತಪ್ಪು ಐದು ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ. ಬೀಳುವುದಾದರೂ ಹೇಗೆ? ಶಾಲೆಗೆ ಸೇರಿಸಲು ಬಂದ ದಿನ ಅಜ್ಜಿ ಏಳು ಎಂದರು, ಹೊಟ್ಟೆಯ ವರ್ಷ ಸೇರಿಸಿ. ಕಾಗದ ಏಳಕ್ಕೆ ಮೂರು ತಿಂಗಳು ಕಡಿಮೆ ಎಂದಿತು, ಒಂದು ವರ್ಷ ತಪ್ಪಾಗಿ. ಬಾಯಿಮಾತು ಮತ್ತು ಕಾಗದ ಎರಡೂ ತಾಳೆಯಾದವು, ನಾನು ಸಂತೋಷದಿಂದ ಬರೆದುಕೊಂಡೆ. ಆ ದಿನ ನನ್ನ ಮುಂದೆ ಬ್ಯಾಗು ಹೊತ್ತು ನಿಂತ ಮಗುವಿಗೆ ನಿಜವಾಗಿ ಆರು ವರ್ಷವೂ ತುಂಬಿರಲಿಲ್ಲ.

“ನಮ್ಮಜ್ಜೀನೂ ಹೀಗೇ,” ಎಂದರು ಡಾಕ್ಟರ್. “ನನ್ನ ಮದುವೆಗೆ ಬಂದೋರಿಗೆಲ್ಲ ನನ್ನ ವಯಸ್ಸು ಒಂದು ಜಾಸ್ತಿ ಹೇಳ್ಕೊಂಡು ಓಡಾಡ್ತಿದ್ರು.” ಆದರೆ ನಗು ಮುಗಿಸಿ ತಕ್ಷಣ ನೆಟ್ಟಗೆ ಕೂತರು. “ಮಾತಿನ ಮೇಲೆ ನಾನು ಏನೂ ಬದಲಾಯಿಸೋಕಾಗಲ್ಲ. ಆ ಚಳಿಗಾಲ ಮುಗಿದ್ಮೇಲೆ ಮಗೂನ ಯಾರಾದ್ರೂ ತೂಕ ಮಾಡಿದ್ರಾ?”

ಆರೋಗ್ಯ ಕೇಂದ್ರ ಶಾಲೆಯ ಎದುರಿಗೇ ಇದೆ. ಮಕ್ಕಳನ್ನು ಡಾಕ್ಟರಿಗೆ ಒಪ್ಪಿಸಿ ನಾನೇ ಓಡಿದೆ. ಕೆಸರಿನಲ್ಲಿ ಓಡುವ ವಯಸ್ಸು ನನ್ನದಲ್ಲ, ಯಾವ ರೀತಿ ಎಣಿಸಿದರೂ. ಅಲ್ಲಿನ ನರ್ಸು ಹಳೆಯ ನೋಟುಪುಸ್ತಕಗಳನ್ನು ಎಸೆಯುವುದಿಲ್ಲ; ಮೂರು ಪೆಟ್ಟಿಗೆ ಕೆಳಗಿಳಿಸಿದ ಮೇಲೆ ಸಿಕ್ಕಿತು. ಕುರಿ ವರ್ಷ ಮುಗಿದು ಮಂಗದ ವರ್ಷ ಬಂದ ಮಾರ್ಚ್, ಮೇಲಿನ ಹಟ್ಟಿಗಳಿಗೆ ಲಸಿಕೆಗೆ ಹೋದ ದಿನ. ‘ಜುಮಾಕದಿರ್ ಅವರ ಮೊಮ್ಮಗಳು. ಐದು ಕಿಲೋ ಎಂಟುನೂರು ಗ್ರಾಂ. ಕತ್ತು ನಿಂತಿದೆ. ಆರೋಗ್ಯವಾಗಿದೆ. ಕೂಗು ಜೋರು.’

ಡಾಕ್ಟರ್ ಅದನ್ನು ಎರಡು ಸಲ ಓದಿದರು. “ಒಂದೂಕಾಲು ವರ್ಷದ ಮಗು ಐದು ಮುಕ್ಕಾಲು ಕಿಲೋ ಇರಲ್ಲ. ಕತ್ತು ನಿಂತಿದೆ ಅಂತಾನೂ ಯಾರೂ ಬರೆಯಲ್ಲ. ಇದು ಮೂರು ತಿಂಗಳ ಮಗು.”

ಆಮೇಲೆ ಅವರು ಮಾಡಿದ್ದನ್ನು ನಾನು ಇವತ್ತಿಗೂ ಹೊಸ ಮೇಷ್ಟ್ರುಗಳಿಗೆ ಹೇಳುತ್ತೇನೆ. ಹೊಸ ಪರೀಕ್ಷೆ ಏನೂ ಮಾಡಲಿಲ್ಲ. ಅದೇ ಹಾಳೆ, ಅದೇ ಟೋಪಿ-ಚೌಕ, ಅದೇ ನಾಯಿಯ ಕತೆ, ಅದೇ ಮರಿಗಳು. ಕೋಷ್ಟಕದಲ್ಲಿ ಬೆರಳನ್ನು ಒಂದು ಮನೆ ಹಿಂದಕ್ಕೆ ಸರಿಸಿದರು, ಅಷ್ಟೆ.

“ಆರು ವರ್ಷ ಮೂರು ತಿಂಗಳಿಗೆ ಓರೆ ಚೌಕ ಬರಬೇಕಂತೇನಿಲ್ಲ. ತ್ರಿಕೋನ ಬಂದಿದೆ. ಅರ್ಧ ಗಂಟೆ ಕೂತಿದ್ದಾಳೆ, ಸಾಕು. ಮಾತು ವಯಸ್ಸಿಗಿಂತ ಮುಂದಿದೆ.” ತಲೆಯೆತ್ತಿ ನನ್ನ ಕಡೆ ನೋಡಿದರು. “ನಲವತ್ತಕ್ಕೂ ನಲವತ್ತೊಂದಕ್ಕೂ ಏನೂ ವ್ಯತ್ಯಾಸ ಇಲ್ಲ ಎಜೆ. ಈ ವಯಸ್ಸಲ್ಲಿ ಒಂದು ವರ್ಷ ಅಂದ್ರೆ ಅವರು ಬದುಕಿರೋದ್ರಲ್ಲಿ ಆರನೇ ಒಂದು ಪಾಲು. ಇಷ್ಟು ತಿಂಗಳು ತನಗಿಂತ ದೊಡ್ಡೋರ ಜೊತೆ ಓಡಿದ್ದಾಳಲ್ಲ, ಮೂರನೇ ಪಿರಿಯಡ್ಡಿಗೆ ನಿದ್ದೆ ಬರದೆ ಇನ್ನೇನು?”

ಒಂದು ವರ್ಷದಷ್ಟು ಹಿಂದೆ ಎಂದು ನನ್ನ ಬಾಯಿಂದಲೇ ಹೇಳಿದ್ದೆ. ಅಳತೆ ಸರಿಯಾಗಿತ್ತು. ಆ ವರ್ಷ ಎಲ್ಲಿ ಹೋಗಿರಬಹುದೆಂದು ಹುಡುಕುವ ಬದಲು ಮಗುವಿನ ತಲೆಯೊಳಗೆ ಹುಡುಕಿದ್ದೆ.

“ಮತ್ತೆ ನಗರ?” ಎಂದು ಕೇಳಿದರು ಅಜ್ಜ. ಅವರು ಇನ್ನೂ ಮಂಡಿಯೂರಿಯೇ ಇದ್ದರು. ಏಳಲು ಮರೆತಿದ್ದರೋ, ಮಂಡಿ ಹಿಡಿದುಕೊಂಡಿತ್ತೋ.

“ಯಾವ ನಗರ ಅಜ್ಜ?” ಎಂದರು ಡಾಕ್ಟರ್. “ಮೇ ತನಕ ಬಂದು ಕೂರ್ಲಿ, ಇಷ್ಟ ಇದ್ರೆ. ಅಂಕ ಬೇಡ, ಕೆಂಪು ಇಂಕು ಬೇಡ. ಬೇಸಿಗೆಗೆ ನಿಮ್ಮ ಜೊತೆ ಮೇಲೆ ಹೋಗ್ಲಿ. ಸೆಪ್ಟೆಂಬರ್‌ಗೆ ಮತ್ತೆ ಒಂದನೇ ತರಗತಿ.”

ಅಜ್ಜ ಕಲ್ಪಾಕ್ ಇಟ್ಟುಕೊಂಡರು, ತೆಗೆದರು, ಅದರಿಂದ ಮುಖ ಒರೆಸಿಕೊಂಡರು. ಹಬ್ಬದ ಟೋಪಿ ಅದು. ಬುರುಲ್ಚಾ ಅಜ್ಜಿ ಕಂಡಿದ್ದರೆ ದೊಡ್ಡ ರಂಪವಾಗುತ್ತಿತ್ತು.

“ಅಜ್ಜ,” ಎಂದೆ ನಾನು. “ನನ್ನಿಂದ ತಪ್ಪಾಯ್ತು.”

“ನಿಂದು ತಪ್ಪು, ಗುಮಾಸ್ತಂದು ತಪ್ಪು,” ಎಂದರು. ತಮ್ಮದನ್ನು ಹೇಳುತ್ತಾರೇನೋ ಎಂದು ಕಾದೆ. “ಪೋಸ್ಟಿನ ಇಸಾಕನ ಮಗನ ಮೇಲೆ ಎರಡು ತಿಂಗಳಿಂದ ನನ್ನ ಹೆಂಡ್ತಿ ಶಾಪ ಹಾಕ್ತಾ ಇದ್ದಾಳೆ. ಅವನಿಗೆ ಹೋಗಿ ಒಂದು ಮಾತು ಹೇಳ್ಬೇಕು,” ಎಂದು ಮುಗಿಸಿದರು.

ಜಿಪಾರಳನ್ನು ಮಾತ್ರ ಯಾರೂ ಏನೂ ಕೇಳಿರಲಿಲ್ಲ. ಅದು ಮರುದಿನ ಗೊತ್ತಾಯಿತು.

ಬೆಳಿಗ್ಗೆ ಬಂದವಳು ಬ್ಯಾಗನ್ನು ಬೆಂಚಿನ ಮೇಲೆ ಎಸೆದು, ಕೋಟು ಕೂಡ ಬಿಚ್ಚದೆ ನನ್ನ ಮೇಜಿಗೆ ಬಂದು ನಿಂತಳು. ಮೂಗು ಕೆಂಪಗಿತ್ತು.

“ಎಜೆ, ನಂಗೆ ಆರಂತೆ.”

“ಹೌದು ಪುಟ್ಟಿ.”

“ನಿನ್ನೆ ಏಳಿತ್ತು.”

“ನಿನ್ನೆ ಎಲ್ಲರೂ ತಪ್ಪು ತಿಳ್ಕೊಂಡಿದ್ವಿ.”

“ತಿಲೆಕ್‌ಗೆ ಏಳು. ತಿಲೆಕ್‌ಗೆ ಯಾಕೆ ಏಳು? ಅವನು ನಿನ್ನೆ ಅಂಟು ಪೇಸ್ಟ್ ತಿಂದ.”

ತಿಲೆಕ್ ತನ್ನ ಬೆಂಚಿನಿಂದ, “ಸ್ವಲ್ಪ ತಿಂದಿದ್ದು” ಎಂದು ಸೀಟಿಯಲ್ಲಿ ತಿದ್ದಿದ.

“ಒಂದು ವರ್ಷ ಹೊಟ್ಟೇಲಿದ್ದೆ ಅಂತೆ,” ಎಂದಳು ಜಿಪಾರ್. “ಅಜ್ಜ ಹೇಳಿದ್ರು. ಡಾಕ್ಟರ್ ಅದನ್ನ ಲೆಕ್ಕಕ್ಕೆ ತಗೊಳ್ಳಲ್ವಂತೆ. ಯಾಕೆ ತಗೊಳ್ಳಲ್ಲ?”

“ಶಾಲೆಯ ಲೆಕ್ಕ ಹುಟ್ಟಿದ ಮೇಲೆ ಶುರುವಾಗುತ್ತೆ.”

“ಆದ್ರೆ ನಾನು ಇದ್ನಲ್ಲ ಎಜೆ. ಅಮ್ಮನ ಜೊತೇಲೇ ಇದ್ದೆ. ಪೂರ್ತಿ ವರ್ಷ ಇದ್ದೆ. ಅಮ್ಮ ಎಲ್ಲಿಗೂ ಹೋಗಿರಲಿಲ್ಲ ಆಗ.”

ಮಕ್ಕಳ ಬೆಳವಣಿಗೆಯ ಬಗ್ಗೆ ನನ್ನ ಕಪಾಟಿನಲ್ಲಿ ಹನ್ನೊಂದು ಪುಸ್ತಕಗಳಿದ್ದವು. ನಾನು ಎದ್ದು ಹೋಗಿ ಒಲೆಗೆ ಕಲ್ಲಿದ್ದಲು ಹಾಕಿದೆ. ಮತ್ತೆ ಬಂದಾಗಲೂ ಅವಳು ಅಲ್ಲೇ ಇದ್ದಳು, ಮೇಜಿನ ಅಂಚಿಗೆ ಗದ್ದವಿಟ್ಟುಕೊಂಡು, ಬಿಟ್ಟುಕೊಡುವ ಲಕ್ಷಣವಿಲ್ಲದೆ.

ಹಾಜರಿ ಪುಸ್ತಕ ತೆರೆದೆ. ಜಿಪಾರಳ ಹೆಸರಿನ ಮುಂದಿದ್ದ ವರ್ಷವನ್ನು ಹೊಡೆದು ಸರಿಯಾದದ್ದನ್ನು ಇಂಕಿನಲ್ಲಿ ಬರೆದೆ. ವಯಸ್ಸು, ಆರು.

“ಇದು ಆರು,” ಎಂದು ಅವಳು ಬೆರಳಿಟ್ಟಳು. “ಗೊತ್ತು ನಂಗೆ. ಇನ್ನೊಂದನ್ನೂ ಬರೀರಿ.”

“ಎರಡು ವಯಸ್ಸು ಬರೆಯೋ ಹಾಗಿಲ್ಲ ಜಿಪಾರ್. ತನಿಖೆಗೆ ಬಂದೋರು ಕೇಳ್ತಾರೆ.”

“ಚಿಕ್ಕದಾಗಿ ಬರೀರಿ.”

ಪೆನ್ಸಿಲ್ ತೆಗೆದುಕೊಂಡು ಆರರ ಪಕ್ಕದಲ್ಲಿ ಚಿಕ್ಕದಾಗಿ ಏಳು ಎಂದು ಬರೆದೆ. ಅವಳು ಕಣ್ಣನ್ನು ಹಾಳೆಗೆ ತಾಗಿಸುವಷ್ಟು ಬಗ್ಗಿ ಪರೀಕ್ಷಿಸಿದಳು.

“ಹಬ್ಬಕ್ಕೆ ಅಮ್ಮ ಬಂದಾಗ ತೋರಿಸ್ತೀರಾ?”

“ತೋರಿಸ್ತೀನಿ.”

“ಹಾಗಾದ್ರೆ ಸರಿ,” ಎಂದು ಕೋಟಿನ ಗುಂಡಿ ಬಿಚ್ಚತೊಡಗಿದಳು. ಮೇಲಿನ ಗುಂಡಿ ಬರಲಿಲ್ಲ. ನಾನು ಸಹಾಯಕ್ಕೆ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಅವಳೇ ಬಿಚ್ಚುವವರೆಗೆ ಪಾಠ ಶುರುಮಾಡದೆ ಕಾದೆ. ಆರು ನಿಮಿಷ ಹಿಡಿಯಿತು.